ಬೆಚ್ಚನೆಯ ದನಿಯ ಸಿಡಿ ಪ್ಲೇಯರ್: ಕೊಳ್ಳುವ ಮುನ್ನ ತಿಳಿದಿರಲಿ



ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಸೇರಿದ ಕನ್ನಡಿಗರ ಅನೇಕ ಮನೆಗಳಲ್ಲಿ ಸಿಡಿಗಳ ಒಂದು ಡಬ್ಬಿ ಇದೆ. ರಜೆಗೆ ಊರಿಗೆ ಹೋದಾಗ ಕೊಂಡು ತಂದ ಭಾವಗೀತೆಗಳು, ಯಾರೋ ಉಡುಗೊರೆ ಕೊಟ್ಟ ದಾಸರ ಪದಗಳು, ಅಪ್ಪ ಜೋಪಾನವಾಗಿ ಇಟ್ಟುಕೊಂಡಿದ್ದ ಮಲ್ಲಿಕಾರ್ಜುನ ಮನ್ಸೂರರ ಗಾಯನ, ದೊರೆಸ್ವಾಮಿ ಅಯ್ಯಂಗಾರರ ವೀಣೆ, ಮಕ್ಕಳು ಚಿಕ್ಕವರಿದ್ದಾಗ ತಂದ ಶಿಶುಗೀತೆ. ಇವೆಲ್ಲ ಮೊಬೈಲಿನ ಆ್ಯಪ್‌ಗಳಲ್ಲಿ ಸಿಗುತ್ತವೆ ಎಂದುಕೊಳ್ಳಬೇಡಿ. ಸಣ್ಣ ಕಂಪನಿಗಳು ತಂದ ಎಷ್ಟೋ ಮುದ್ರಿಕೆಗಳು ಆ ತಟ್ಟೆಗಳಲ್ಲಿ ಮಾತ್ರ ಉಳಿದಿವೆ. ಆದರೆ ಅವನ್ನು ನುಡಿಸುತ್ತಿದ್ದ ಹಳೆಯ ಪ್ಲೇಯರ್ ಈಗ ತಟ್ಟೆ ಹಾಕಿದರೆ ಗಿರ್ರನೆ ತಿರುಗಿ, ‘ನೋ ಡಿಸ್ಕ್’ ಎಂದು ತೋರಿಸಿ ಸುಮ್ಮನಾಗುತ್ತದೆ.

ಹೊಸದನ್ನು ಕೊಳ್ಳಲು ಹೊರಟರೆ ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವ ಮಾತು ‘ವಾರ್ಮ್ ಸೌಂಡ್’. ಈ ಚಿಪ್ ಇದ್ದರೆ ದನಿ ಬೆಚ್ಚಗಿರುತ್ತದೆ, ಆ ಡ್ಯಾಕ್ ಹಾಕಿದರೆ ಇನ್ನೂ ಬೆಚ್ಚಗೆ, ವಾಲ್ವ್ ಇದ್ದರಂತೂ ಕೇಳಲೇಬೇಡಿ ಎನ್ನುತ್ತಾರೆ. ಬೆಲೆ ಐದು ಸಾವಿರದಿಂದ ಐವತ್ತು ಸಾವಿರಕ್ಕೆ ಏರುವುದು ಗೊತ್ತೇ ಆಗುವುದಿಲ್ಲ. ಆದ್ದರಿಂದ ದುಡ್ಡು ತೆಗೆಯುವ ಮೊದಲು ಈ ಬೆಚ್ಚನೆ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ಸಾವಧಾನವಾಗಿ ನೋಡೋಣ.

ತಟ್ಟೆಯಲ್ಲಿ ಏನಿದೆ, ಡ್ಯಾಕ್ ಏನು ಮಾಡುತ್ತದೆ?

ಸಿಡಿ ಮಾರುಕಟ್ಟೆಗೆ ಬಂದದ್ದು 1982ರ ಅಕ್ಟೋಬರಿನಲ್ಲಿ, ಜಪಾನಿನಲ್ಲಿ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಸೇರಿ ಅದರ ಅಳತೆಗಳನ್ನು ಗೊತ್ತು ಮಾಡಿದ್ದವು. ಹಾಡಿನ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳ ಅಂಕಿಯಾಗಿ ಬರೆಯುತ್ತಾರೆ. ಎಡಕ್ಕೊಂದು, ಬಲಕ್ಕೊಂದು ಸಾಲು. ತಟ್ಟೆಯಲ್ಲಿ ಇರುವುದು ಈ ಅಂಕಿಗಳು ಮಾತ್ರ. ಲೇಸರ್ ಕಿರಣ ಅವನ್ನು ಓದುತ್ತದೆ. ಸಣ್ಣ ಗೀರು, ಧೂಳಿನಿಂದ ಕೆಲವು ಅಂಕಿಗಳು ತಪ್ಪಿಹೋದರೂ ಅವನ್ನು ಲೆಕ್ಕ ಹಾಕಿ ತುಂಬಿಕೊಳ್ಳುವ ಏರ್ಪಾಡು ಸಿಡಿಯಲ್ಲೇ ಇದೆ.

ಈ ಅಂಕಿಗಳನ್ನು ಸ್ಪೀಕರಿಗೆ ಬೇಕಾದ ವಿದ್ಯುತ್ ಅಲೆಯಾಗಿ ಮಾರ್ಪಡಿಸುವ ಭಾಗಕ್ಕೆ ಡಿಜಿಟಲ್ ಟು ಅನಲಾಗ್ ಕನ್ವರ್ಟರ್ ಎಂದು ಹೆಸರು. ಚಿಕ್ಕದಾಗಿ ಡ್ಯಾಕ್. ಸಿಡಿ ಪ್ಲೇಯರಿನ ಒಳಗೆ ಅದು ಇದ್ದೇ ಇರುತ್ತದೆ. ನಿಮ್ಮ ಟಿವಿ, ಕಂಪ್ಯೂಟರ್, ಬ್ಲೂಟೂತ್ ಸ್ಪೀಕರ್ ಎಲ್ಲದರ ಒಳಗೂ ಒಂದೊಂದು ಇದೆ. ಅದನ್ನೇ ಬೇರೆ ಪೆಟ್ಟಿಗೆಯಾಗಿ ಮಾರಿದರೆ ಹೊರಗಿನ ಡ್ಯಾಕ್ ಎನ್ನುತ್ತೇವೆ.

ಅಂದರೆ ಸಿಡಿ ಪ್ಲೇಯರಿನಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು ತಟ್ಟೆ ಓದುವುದು, ಇನ್ನೊಂದು ಅಂಕಿಯನ್ನು ದನಿಯಾಗಿಸುವುದು. ಸಾಮಾನ್ಯವಾಗಿ ಮೊದಲು ಕೈಕೊಡುವುದು ಲೇಸರ್, ಮೋಟಾರು, ತಟ್ಟೆ ಹಾಕುವ ಟ್ರೇ. ಡ್ಯಾಕ್ ಚಿಪ್ ಕೆಡುವುದು ಬಹಳ ಅಪರೂಪ. ಈ ಒಂದು ಮಾತು ನೆನಪಿದ್ದರೆ ಮುಂದಿನ ಲೆಕ್ಕ ಸುಲಭವಾಗುತ್ತದೆ.

‘ಬೆಚ್ಚಗೆ’ ಎಂದರೆ ಕಿವಿಗೆ ಏನು?

ನಾವು ಬೆಚ್ಚನೆಯ ದನಿ ಎಂದು ಹೇಳುವಾಗ ಎರಡು ಸಂಗತಿಗಳು ಬೆರೆತಿರುತ್ತವೆ.

ಮೊದಲನೆಯದು ಮೇಲು ಕೆಳಗಿನ ಸಮತೋಲ. ಗಂಡು ದನಿಯ ಎದೆಯ ತುಂಬು, ವೀಣೆಯ ಮಂದ್ರ, ಮೃದಂಗದ ಎಡಭಾಗ, ಇವೆಲ್ಲ ಹೆಚ್ಚಾಗಿ ಸೆಕೆಂಡಿಗೆ 100ರಿಂದ 300 ಕಂಪನಗಳ ಸುತ್ತಮುತ್ತ ಇರುತ್ತವೆ. ಹಾಡುವಾಗ ಬರುವ ‘ಸ’ಕಾರದ ಸೀಟಿ, ತಾಳದ ಕಿಣಿಕಿಣಿ ಇರುವುದು 5,000 ಕಂಪನಗಳಿಂದ ಮೇಲೆ. ಕೆಳಗಿನದು ಒಂದಿಷ್ಟು ತುಂಬಿಕೊಂಡು ಮೇಲಿನದು ಒಂದಿಷ್ಟು ಇಳಿದರೆ ದನಿ ಬೆಚ್ಚಗೆ ಕೇಳುತ್ತದೆ. ತಿರುವು ಮುರುವಾದರೆ ತೆಳುವಾಗಿ, ಸೀಳಿದಂತೆ ಕೇಳುತ್ತದೆ.

ಎರಡನೆಯದು ಉಪಸ್ವರಗಳು. ಇದಕ್ಕೆ ತಂಬೂರಿಯನ್ನು ನೆನೆಸಿಕೊಳ್ಳಿ. ಷಡ್ಜದ ತಂತಿ ಸೆಕೆಂಡಿಗೆ 140 ಸಲ ಕಂಪಿಸುತ್ತಿದ್ದರೆ, ಅದರ ಜೊತೆಗೇ 280, 420, 560, 700 ಎಂದು ಅದರ ಗುಣಕಗಳೂ ನುಡಿಯುತ್ತವೆ. 280 ಅಂದರೆ ಮೇಲಿನ ಷಡ್ಜ. 420 ಅದರ ಮೇಲಿನ ಪಂಚಮ. 700 ಗಾಂಧಾರ. ತಂತಿಯ ಕೆಳಗೆ ಜೀವಾಳಿಯ ದಾರವನ್ನು ಸರಿಯಾದ ಜಾಗಕ್ಕೆ ಸರಿಸಿದಾಗ ಈ ಉಪಸ್ವರಗಳೆಲ್ಲ ಅರಳಿ ತಂಬೂರಿ ತುಂಬಿ ನುಡಿಯುತ್ತದೆ.

ವಾಲ್ವ್ ಇರುವ ಯಂತ್ರಗಳು ಮಾಡುವುದೂ ಸ್ವಲ್ಪ ಇಂಥದ್ದೇ. ಮೂಲ ದನಿಗೆ ಮುಖ್ಯವಾಗಿ ಎರಡನೆಯ ಗುಣಕವನ್ನು, ಅಂದರೆ ಮೇಲಿನ ಷಡ್ಜವನ್ನು, ಚೂರು ಬೆರೆಸುತ್ತವೆ. ಶ್ರುತಿಗೆ ಹೊಂದುವ ಬೆರಕೆಯಾದ್ದರಿಂದ ಕಿವಿಗೆ ಹಿತ. ತಾಂತ್ರಿಕವಾಗಿ ಹೇಳಬೇಕೆಂದರೆ ಅದು ವಿರೂಪವೇ, ಡಿಸ್ಟಾರ್ಷನ್. ಮೂಲ ಮುದ್ರಿಕೆಯಲ್ಲಿ ಇಲ್ಲದ್ದು. ಇಷ್ಟಪಟ್ಟು ಕೇಳಿದರೆ ತಪ್ಪೇನಿಲ್ಲ. ಆದರೆ ಅದು ಸೇರಿಸಿದ ರುಚಿ ಎಂಬುದು ಗೊತ್ತಿರಲಿ.

ಚಿಪ್ಪಿನ ಮಹಿಮೆ ಎಷ್ಟು?

ಹಳೆಯ ಪ್ಲೇಯರುಗಳ ಬಗ್ಗೆ ಮಾತಾಡುವವರು ಫಿಲಿಪ್ಸ್ ಕಂಪನಿಯ ಟಿಡಿಎ 1541 ಎಂಬ ಚಿಪ್ಪನ್ನು ಕೊಂಡಾಡುತ್ತಾರೆ. 1980ರ ದಶಕದ ಫಿಲಿಪ್ಸ್, ಮರಾಂಟ್ಜ್ ಪ್ಲೇಯರುಗಳಲ್ಲಿ ಅದು ಇತ್ತು. ಒಳ್ಳೆಯ ಚಿಪ್, ಅನುಮಾನವಿಲ್ಲ. ಆದರೆ ಇವತ್ತಿನ ಸಾಧಾರಣ ಬೆಲೆಯ ಡ್ಯಾಕ್ ಅಳತೆಯಲ್ಲಿ ಅದಕ್ಕೆ ಏನೂ ಕಡಿಮೆಯಿಲ್ಲ. ಚೆನ್ನಾಗಿ ಮಾಡಿದ ಇಂದಿನ ಡ್ಯಾಕ್ ಬೆರೆಸುವ ವಿರೂಪ ಮೂಲದ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಮನುಷ್ಯರ ಕಿವಿಗೆ ಕೇಳುವ 20ರಿಂದ 20,000 ಕಂಪನಗಳ ಉದ್ದಕ್ಕೂ ಅದು ಯಾವುದನ್ನೂ ಹೆಚ್ಚಿಸುವುದಿಲ್ಲ, ತಗ್ಗಿಸುವುದಿಲ್ಲ. ಹಾಗಾಗಿ ‘ಬೆಚ್ಚನೆಯ ಚಿಪ್’, ‘ತಣ್ಣನೆಯ ಚಿಪ್’ ಎಂದು ಬೇರೆ ಬೇರೆ ಬೆಲೆ ಕೊಡುವುದರಲ್ಲಿ ಅರ್ಥ ಬಹಳ ಕಡಿಮೆ.

ಇದಕ್ಕೆ ಹೊರತಾದ ಒಂದು ಜಾತಿ ಇದೆ. ‘ನಾನ್ ಓವರ್‌ಸ್ಯಾಂಪ್ಲಿಂಗ್’ ಅಥವಾ ‘ನಾಸ್’ ಡ್ಯಾಕ್ ಎಂದು ಮಾರುತ್ತಾರೆ. ಇವುಗಳಲ್ಲಿ ಡಿಜಿಟಲ್ ಫಿಲ್ಟರ್ ಇರುವುದಿಲ್ಲ. ಅದರಿಂದ ಸಿಡಿ ನುಡಿಸುವಾಗ ಮೇಲಿನ ಸ್ವರಗಳು ತಾವಾಗಿ ಇಳಿಯುತ್ತವೆ. 10,000 ಕಂಪನಗಳ ಹತ್ತಿರ ಮುಕ್ಕಾಲು ಡೆಸಿಬೆಲ್, 20,000ದ ಹತ್ತಿರ ಸುಮಾರು 3 ಡೆಸಿಬೆಲ್. ಜನ ಹೇಳುವ ಆ ‘ಮೆದು’ವಿಗೆ ಮುಖ್ಯ ಕಾರಣ ಇದೇ. ಆದರೆ ನಿಮ್ಮ ಆಂಪ್ಲಿಫೈಯರಿನ ಟ್ರೆಬಲ್ ಗುಂಡಿಯನ್ನು ಒಂದು ಗೆರೆ ಹಿಂದಕ್ಕೆ ತಿರುಗಿಸಿದರೂ ಹೆಚ್ಚುಕಡಿಮೆ ಅದೇ ಆಗುತ್ತದೆ, ಅದಕ್ಕೆ ದುಡ್ಡು ಬೇಕಿಲ್ಲ.

ಅಗ್ಗದ ವಾಲ್ವ್ ಪೆಟ್ಟಿಗೆಗಳ ಬಗ್ಗೆಯೂ ಎಚ್ಚರವಿರಲಿ. ಕೆಲವದರಲ್ಲಿ ಗಾಜಿನ ಕೊಳವೆಯ ಕೆಳಗೆ ಕಿತ್ತಳೆ ಬಣ್ಣದ ಎಲ್‌ಇಡಿ ದೀಪ ಇಟ್ಟಿರುತ್ತಾರೆ. ಕಣ್ಣಿಗೆ ಬೆಚ್ಚಗೆ ಕಾಣುತ್ತದೆ. ಕಿವಿಗೂ ಬೆಚ್ಚಗಿದೆಯೇ ಎಂಬುದನ್ನು ಕಣ್ಣು ಮುಚ್ಚಿಕೊಂಡು ಕೇಳಿ ತೀರ್ಮಾನಿಸಿ.

ಹಾಗಾದರೆ ಬೆಚ್ಚನೆ ಬರುವುದು ಎಲ್ಲಿಂದ?

ಪರಿಣಾಮ ಹೆಚ್ಚಿರುವುದರಿಂದ ಕಡಿಮೆ ಇರುವುದರ ಕಡೆಗೆ ಹೇಳುತ್ತಾ ಹೋಗುತ್ತೇನೆ.

ಒಂದು, ಮುದ್ರಿಕೆ. ಕ್ಯಾಸೆಟ್ಟಿನಿಂದ ಸಿಡಿಗೆ ಏರಿಸಿದ್ದಾದರೆ ಕ್ಯಾಸೆಟ್ಟಿನ ಗುಣದೋಷಗಳೆಲ್ಲ ಅದರಲ್ಲಿ ಇರುತ್ತವೆ. ಹಳೆಯ ಸಿನಿಮಾ ಹಾಡುಗಳಲ್ಲಿ ಮೇಲಿನ ಸ್ವರಗಳು ಮೊದಲೇ ಕಡಿಮೆ. 1990ರ ದಶಕದ ಕೊನೆಯಿಂದೀಚೆಗೆ ಬಂದ ಅನೇಕ ‘ರೀಮಾಸ್ಟರ್’ ಮುದ್ರಣಗಳಲ್ಲಿ ದನಿಯನ್ನು ಒತ್ತಿ ಒತ್ತಿ ಗಟ್ಟಿ ಮಾಡಿರುತ್ತಾರೆ, ಅದು ಕಿವಿಗೆ ಬೇಗ ಆಯಾಸ ತರುತ್ತದೆ. ಒಂದೇ ತಟ್ಟೆಯಲ್ಲಿ ನೂರು ಹಾಡು ಎಂದು ಮಾರುತ್ತಿದ್ದ ಎಂಪಿ3 ಸಿಡಿಗಳಲ್ಲಿ ಜಾಗ ಉಳಿಸಲು ಹಾಡಿನ ಮಾಹಿತಿಯನ್ನೇ ಕತ್ತರಿಸಿರುತ್ತಾರೆ. ಕತ್ತರಿಸಿ ಎಸೆದದ್ದನ್ನು ಯಾವ ಡ್ಯಾಕ್ ಕೂಡ ಹುಡುಕಿ ತರಲಾರದು.

ಎರಡು, ಸ್ಪೀಕರ್ ಅಥವಾ ಹೆಡ್‌ಫೋನ್. ಎರಡು ಡ್ಯಾಕ್‌ಗಳ ನಡುವಿನ ವ್ಯತ್ಯಾಸ ಕೂದಲೆಳೆಯಷ್ಟಾದರೆ ಎರಡು ಸ್ಪೀಕರುಗಳ ನಡುವಿನದು ತಬಲಾ ಮತ್ತು ಡೊಳ್ಳಿನಷ್ಟು. ಹತ್ತು ಸಾವಿರ ಖರ್ಚು ಮಾಡುವ ಮನಸ್ಸಿದ್ದು ನಿಮ್ಮ ಸ್ಪೀಕರ್ ಕಂಪ್ಯೂಟರ್ ಜೊತೆ ಬಂದ ಪುಟ್ಟ ಪ್ಲಾಸ್ಟಿಕ್ಕಿನದಾಗಿದ್ದರೆ, ಆ ದುಡ್ಡು ಹೋಗಬೇಕಾದ್ದು ಸ್ಪೀಕರಿಗೆ.

ಮೂರು, ಕೋಣೆ. ಮಹಾನಗರದ ಫ್ಲ್ಯಾಟುಗಳಲ್ಲಿ ನೆಲಕ್ಕೆ ಟೈಲ್ಸ್, ಬರಿಯ ಗೋಡೆ, ದೊಡ್ಡ ಗಾಜಿನ ಕಿಟಕಿ. ದನಿ ಚೆಂಡಿನಂತೆ ಪುಟಿಯುತ್ತದೆ, ಮೇಲಿನ ಸ್ವರಗಳು ಸೀಳಿದಂತೆ ಕೇಳುತ್ತವೆ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಝಣ್ ಎಂದು ಮಾರ್ದನಿ ಬಂದರೆ ತೊಂದರೆ ಡ್ಯಾಕ್‌ನಲ್ಲಿಲ್ಲ. ನೆಲಕ್ಕೊಂದು ದಪ್ಪ ಜಮಖಾನೆ, ಕಿಟಕಿಗೆ ದಪ್ಪ ಪರದೆ, ಎದುರು ಗೋಡೆಗೆ ಪುಸ್ತಕದ ಕಪಾಟು ಬಂದರೆ ದನಿ ತಾನಾಗಿ ಮೆತ್ತಗಾಗುತ್ತದೆ. ಸ್ಪೀಕರನ್ನು ಗೋಡೆಯ ಹತ್ತಿರಕ್ಕೆ ಸರಿಸಿದರೆ ಮಂದ್ರ ಹೆಚ್ಚುತ್ತದೆ, ದೂರ ಸರಿಸಿದರೆ ಕಡಿಮೆಯಾಗುತ್ತದೆ. ಗೇಣು ಗೇಣಾಗಿ ಸರಿಸಿ ಕೇಳಿ ನೋಡಿ.

ನಾಲ್ಕು, ಟೋನ್ ಗುಂಡಿಗಳು. ಬಾಸ್, ಟ್ರೆಬಲ್ ಗುಂಡಿ ಮುಟ್ಟುವುದು ಸಂಗೀತಕ್ಕೆ ಅಪಚಾರವೆಂದು ಕೆಲವರು ಹೇಳುತ್ತಾರೆ. ಹಾಗೇನಿಲ್ಲ, ಅವು ಇರುವುದೇ ಅದಕ್ಕೆ.

ಇಷ್ಟೆಲ್ಲ ಆದ ಮೇಲೆ ಐದನೆಯದಾಗಿ ಬರುವುದು ಪ್ಲೇಯರ್ ಮತ್ತು ಡ್ಯಾಕ್. ಆದ್ದರಿಂದ ಅವುಗಳಲ್ಲಿ ಹುಡುಕಬೇಕಾದ್ದು ತಟ್ಟೆಯನ್ನು ತಪ್ಪಿಲ್ಲದೆ ಓದುವ ಗುಣ, ಗುಂಯ್ ಎನ್ನದ ಶುಚಿಯಾದ ದನಿ, ಮತ್ತು ಕೆಟ್ಟರೆ ರಿಪೇರಿಯಾಗುವ ಅನುಕೂಲ.

ನಿಮ್ಮ ಮನೆಗೆ ಯಾವುದು ಸರಿ?

ಹಳೆಯ ಡಿವಿಡಿ ಪ್ಲೇಯರ್ ಇದ್ದರೆ: ಮೊದಲು ಅದನ್ನು ಅಟ್ಟದಿಂದ ಇಳಿಸಿ. ಡಿವಿಡಿ ಪ್ಲೇಯರ್ ಸಿಡಿಯನ್ನೂ ಓದುತ್ತದೆ. ಹಿಂಬದಿಯ ಕೆಂಪು, ಬಿಳಿ ತೂತುಗಳಿಂದ ನೇರವಾಗಿ ಆಂಪ್ಲಿಫೈಯರಿಗೆ ತಂತಿ ಎಳೆದು ಕೇಳಿ. ಚೆನ್ನಾಗಿದ್ದರೆ ಒಂದು ರೂಪಾಯಿಯೂ ಖರ್ಚಿಲ್ಲ. ಗೊರಗೊರ ಸದ್ದು ಬರುತ್ತಿದ್ದರೆ ಹಿಂಬದಿಯಲ್ಲಿ ‘ಕೋಆಕ್ಸಿಯಲ್’ ಅಥವಾ ‘ಆಪ್ಟಿಕಲ್’ ಎಂದು ಬರೆದ ತೂತು ಇದೆಯೇ ನೋಡಿ. ಇದ್ದರೆ ಒಂದು ಸಣ್ಣ ಡ್ಯಾಕ್ ಸಾಕು. ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ‘ಪಿಸಿಎಂ’ ಎಂದಿರಲಿ. ಡ್ಯಾಕ್ ಕೊಳ್ಳುವಾಗ ಅದೇ ಬಗೆಯ ತೂತು ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಯುಎಸ್‌ಬಿ ಮಾತ್ರ ಇರುವ ಡ್ಯಾಕ್ ಇಲ್ಲಿ ಕೆಲಸಕ್ಕೆ ಬಾರದು.

ಕಂಪ್ಯೂಟರ್ ಅಥವಾ ಮೊಬೈಲಿನಿಂದ ಕೇಳುವವರಾದರೆ: ಮೊಬೈಲಿಗೆ ಸಿಕ್ಕಿಸುವ ಬೆರಳುದ್ದದ ಯುಎಸ್‌ಬಿ ಡ್ಯಾಕ್ ತಂತಿಗಳು ಸಾವಿರ, ಎರಡು ಸಾವಿರ ರೂಪಾಯಿಗಳ ಆಸುಪಾಸಿನಲ್ಲೇ ಸಿಗುತ್ತವೆ. ಆ್ಯಪಲ್ ಕಂಪನಿಯ ಪುಟ್ಟ ಯುಎಸ್‌ಬಿ ಸಿ ಅಡಾಪ್ಟರಿನ ಒಳಗೂ ಒಂದು ಒಳ್ಳೆಯ ಡ್ಯಾಕ್ ಇದೆ. ಮೇಜಿನ ಮೇಲೆ ಇಡುವಂಥದ್ದು ಬೇಕಾದರೆ ಫಿಯೋ, ಟಾಪಿಂಗ್, ಎಸ್‌ಎಂಎಸ್‌ಎಲ್, ಐಫೈ ಮುಂತಾದ ಕಂಪನಿಗಳ ಕೆಳಗಿನ ದರ್ಜೆಯವೇ ಧಾರಾಳವಾಗಿ ಸಾಕು. ಒಂದು ವಿಷಯ: ನೀವು ಬ್ಲೂಟೂತ್ ಸ್ಪೀಕರಿನಲ್ಲೇ ಕೇಳುವುದಾದರೆ ಹೊರಗಿನ ಡ್ಯಾಕ್ ಕೊಳ್ಳಲೇಬೇಡಿ. ಅಂಕಿಯನ್ನು ದನಿಯಾಗಿಸುವುದು ಆ ಸ್ಪೀಕರಿನ ಒಳಗಿನ ಡ್ಯಾಕ್.

ಹೊಸ ಪ್ಲೇಯರೇ ಬೇಕು ಎಂದರೆ: ಮರಾಂಟ್ಜ್, ಯಮಾಹಾ, ಡೆನಾನ್ ಮುಂತಾದವರು ಈಗಲೂ ಮನೆಬಳಕೆಯ ಸಿಡಿ ಪ್ಲೇಯರುಗಳನ್ನು ಮಾಡುತ್ತಾರೆ. ಗಟ್ಟಿಮುಟ್ಟಾದ ಯಂತ್ರಗಳು, ಬೆಲೆ ಮಾತ್ರ ಹತ್ತಾರು ಸಾವಿರ. ಮರಾಂಟ್ಜ್ ಹೆಸರಿಗೆ ಬೆಚ್ಚನೆಯ ದನಿಯ ಖ್ಯಾತಿ ಅಂಟಿಕೊಂಡಿದೆ. 2020ರಲ್ಲಿ ಬಂದ ಅವರ ಸಿಡಿ 6007ರಲ್ಲಿ ಎರಡು ಬಗೆಯ ಫಿಲ್ಟರ್ ಆರಿಸಿಕೊಳ್ಳುವ ಅನುಕೂಲವೂ ಇದೆ. ಆದರೆ ಎರಡರ ನಡುವಿನ ವ್ಯತ್ಯಾಸ ಬಹಳ ಸೂಕ್ಷ್ಮ. ಅದಕ್ಕೊಂದಕ್ಕೇ ಎಂದು ದುಡ್ಡು ಹಾಕಬೇಡಿ. ಚಿಕ್ಕದು ಸಾಕೆನ್ನುವವರಿಗೆ ಕೈಯಲ್ಲಿ ಹಿಡಿಯುವ ಸಿಡಿ ಪ್ಲೇಯರುಗಳು ಮತ್ತೆ ಬರತೊಡಗಿವೆ. ಫಿಯೋ ಕಂಪನಿ 2024ರಲ್ಲಿ ತಂದ ಡಿಎಂ 13 ಅಂಥದ್ದೊಂದು.

ಸೆಕೆಂಡ್ ಹ್ಯಾಂಡ್ ಆದರೂ ಆದೀತು ಎಂದರೆ: ಮುಂಬಯಿಯವರಿಗೆ ಲ್ಯಾಮಿಂಗ್ಟನ್ ರೋಡ್, ಚೆನ್ನೈನವರಿಗೆ ರಿಚಿ ಸ್ಟ್ರೀಟ್, ಹೈದರಾಬಾದಿನವರಿಗೆ ಕೋಟಿ, ಪುಣೆಯವರಿಗೆ ತಪಕೀರ ಗಲ್ಲಿ, ದೆಹಲಿಯವರಿಗೆ ಕೆಂಪುಕೋಟೆಯ ಎದುರಿನ ಲಾಜಪತ್ ರಾಯ್ ಮಾರ್ಕೆಟ್ ಗೊತ್ತೇ ಇದೆ. ಹಳೆಯ ಪ್ಲೇಯರ್ ಸಿಗದಿದ್ದರೂ ರಿಪೇರಿ ಮಾಡುವವರ ಸುಳಿವಾದರೂ ಇಂಥ ಕಡೆ ಸಿಗುತ್ತದೆ. ಹಳೆಯ ಪ್ಲೇಯರ್ ಕೊಳ್ಳುವಾಗ ಮೂರು ಸಂಗತಿ ಗಮನಿಸಿ.

ಹಿಂಬದಿಯಲ್ಲಿ ಎಷ್ಟು ವೋಲ್ಟ್ ಎಂದು ಬರೆದಿದೆ ನೋಡಿ. ಜಪಾನಿನ ಬಳಕೆಗೆಂದು ಮಾಡಿದವು 100 ವೋಲ್ಟಿನವು. ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಸುಟ್ಟುಹೋಗುತ್ತವೆ.

ನಿಮ್ಮದೇ ಒಂದು ಉದ್ದನೆಯ ಸಿಡಿ ತೆಗೆದುಕೊಂಡು ಹೋಗಿ. ಸಿಡಿ ಒಳಗಿನಿಂದ ಹೊರಗಿನ ಅಂಚಿಗೆ ನುಡಿಯುತ್ತದೆ. ಮೊದಲ ಹಾಡಿನಿಂದ ಕೊನೆಯ ಹಾಡಿಗೆ, ಮತ್ತೆ ಮೊದಲಿಗೆ ಹಾರಿಸಿ ನೋಡಿ. ತಡವರಿಸಿದರೆ, ಕೊನೆಯಲ್ಲಿ ತೊದಲಿದರೆ ಲೇಸರ್ ಅಥವಾ ಅದರ ಹಳಿ ಸವೆದಿದೆ ಎಂದು ತಿಳಿಯಿರಿ.

ಲೇಸರ್ ಭಾಗದ ನಂಬರ್ ಕೇಳಿ. ಸೋನಿಯ ಕೆಎಸ್‌ಎಸ್ 213 ಸಾಲಿನ ಲೇಸರುಗಳು ಎಷ್ಟೋ ಕಂಪನಿಗಳ ಪ್ಲೇಯರುಗಳಲ್ಲಿದ್ದವು, ಬದಲಿ ಭಾಗ ಈಗಲೂ ಸಿಗುತ್ತದೆ. ಬದಲಿ ಸಿಗದ ಅಪರೂಪದ ಲೇಸರ್ ಇರುವ ಪ್ಲೇಯರ್ ಎಷ್ಟೇ ಹೆಸರುವಾಸಿಯಾಗಿದ್ದರೂ ದೂರವಿಡುವುದು ಲೇಸು. ನಿಮ್ಮ ಹಳೆಯ ಪ್ಲೇಯರಿನಲ್ಲೂ ಇದೇ ಲೇಸರ್ ಇದ್ದರೆ ಹೊಸದನ್ನು ಕೊಳ್ಳುವ ಬದಲು ಅದನ್ನೇ ರಿಪೇರಿ ಮಾಡಿಸಬಹುದು.

ಅಂಗಡಿಯಲ್ಲಿ ಕೇಳುವ ಕ್ರಮ

ಎರಡು ಯಂತ್ರಗಳನ್ನು ಹೋಲಿಸುವಾಗ ಎರಡರ ವಾಲ್ಯೂಮ್ ಒಂದೇ ಇರಬೇಕು. ಒಂದು ಡೆಸಿಬೆಲ್ ಹೆಚ್ಚಾದರೂ ಕಿವಿಗೆ ಅದು ‘ಜೋರು’ ಎಂದು ಅನ್ನಿಸುವುದಿಲ್ಲ, ‘ಚೆನ್ನಾಗಿದೆ’, ‘ತುಂಬಿದೆ’ ಎಂದು ಅನ್ನಿಸುತ್ತದೆ. ಹೆಚ್ಚು ಬೆಲೆಯದನ್ನು ಚೂರು ಜೋರಾಗಿ ನುಡಿಸಿದರೆ ಯಾರಾದರೂ ಮೋಸ ಹೋಗುತ್ತಾರೆ. ಮೊಬೈಲಿನಲ್ಲಿ ದನಿ ಅಳೆಯುವ ಆ್ಯಪ್ ಹಾಕಿಕೊಂಡು ಎರಡನ್ನೂ ಸಮ ಮಾಡಿಸಿ. ಯಾವುದು ನುಡಿಯುತ್ತಿದೆ ಎಂದು ನಿಮಗೆ ಹೇಳದೆ ಬದಲಾಯಿಸುವಂತೆ ಜೊತೆಗೆ ಬಂದವರಿಗೆ ಹೇಳಿ. ಹತ್ತು ಸಲದಲ್ಲಿ ಒಂಬತ್ತು ಸಲವಾದರೂ ಸರಿಯಾಗಿ ಗುರುತಿಸಿದರೆ ವ್ಯತ್ಯಾಸ ನಿಜ. ಇಲ್ಲದಿದ್ದರೆ ಕಡಿಮೆ ಬೆಲೆಯದನ್ನೇ ತನ್ನಿ.

ನಿಮಗೆ ಬಾಯಿಪಾಠವಾಗಿರುವ ಸಂಗೀತವನ್ನೇ ಕೇಳಿ. ಮನ್ಸೂರರ ದನಿಯ ಹಿಂದೆ ತಂಬೂರಿ ಬಿಡಿಯಾಗಿ ಕೇಳುತ್ತದೆಯೇ? ವೀಣೆಯ ಮೀಟು ಗಾಜಿನಂತೆ ಚುಚ್ಚುತ್ತದೆಯೇ? ಕದ್ರಿ ಗೋಪಾಲನಾಥರ ಸ್ಯಾಕ್ಸಫೋನು ತಾರಸ್ಥಾಯಿಗೆ ಏರಿದಾಗ ಕಿವಿ ಮುಚ್ಚಿಕೊಳ್ಳಬೇಕೆನಿಸುತ್ತದೆಯೇ? ಹತ್ತು ನಿಮಿಷದ ಮೋಡಿಗಿಂತ ಒಂದು ಗಂಟೆ ಕೇಳಿದರೂ ದಣಿವಾಗದಿರುವುದು ಮುಖ್ಯ. ಒಂದು ವಾರದೊಳಗೆ ವಾಪಸು ತೆಗೆದುಕೊಳ್ಳುವ ಅಂಗಡಿಯಾದರೆ ಇನ್ನೂ ಒಳ್ಳೆಯದು, ಏಕೆಂದರೆ ಕೊನೆಗೆ ಕೇಳಬೇಕಾದ್ದು ನಿಮ್ಮ ಕೋಣೆಯಲ್ಲಿ.

ತಟ್ಟೆಗಳನ್ನು ಉಳಿಸಿಕೊಳ್ಳಿ

ಪ್ಲೇಯರ್ ಇವತ್ತಲ್ಲ ನಾಳೆ ಸಿಗುತ್ತದೆ. ತಟ್ಟೆ ಹೋದರೆ ಕೆಲವು ಹಾಡುಗಳು ಹೋದ ಹಾಗೆಯೇ. ಮುಂಬಯಿ, ಚೆನ್ನೈಗಳ ತೇವದ ಹವೆಗೆ ಸಿಡಿಯ ಕಾಗದದ ಹೊದಿಕೆ ಬೂಸಲು ಹಿಡಿಯುತ್ತದೆ, ಪ್ಲೇಯರಿನ ಲೆನ್ಸ್ ಮಬ್ಬಾಗುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ತಟ್ಟೆ ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತಲೂ ತಿರುಗಿಸಬೇಡಿ. ಹೊಳೆಯುವ ಮುಖಕ್ಕಿಂತ ಹೆಸರು ಅಚ್ಚಾದ ಮುಖವನ್ನು ಹೆಚ್ಚು ಜೋಪಾನ ಮಾಡಿ. ಅಂಕಿಗಳಿರುವ ಲೋಹದ ಪದರ ಆ ಮುಖದ ತೆಳು ಲೇಪದ ಕೆಳಗೇ ಇದೆ, ಅಲ್ಲಿ ಆಳದ ಗೀರು ಬಿದ್ದರೆ ಮತ್ತೆ ಸರಿಯಾಗದು.

ಎಲ್ಲಕ್ಕಿಂತ ಮುಖ್ಯವಾದ ಕೆಲಸ, ಸಿಡಿಗಳು ಇನ್ನೂ ಓದುತ್ತಿರುವಾಗಲೇ ಅವನ್ನು ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳುವುದು. ಕಂಪ್ಯೂಟರಿಗೆ ಸಿಕ್ಕಿಸುವ ಯುಎಸ್‌ಬಿ ಸಿಡಿ ಡ್ರೈವ್ ಒಂದು ಒಳ್ಳೆಯ ಡ್ಯಾಕ್‌ಗಿಂತ ಅಗ್ಗ. ವಿಂಡೋಸ್ ಇದ್ದವರಿಗೆ ‘ಎಗ್ಸಾಕ್ಟ್ ಆಡಿಯೊ ಕಾಪಿ’, ಆ್ಯಪಲ್ ಇದ್ದವರಿಗೆ ‘ಎಕ್ಸ್‌ಎಲ್‌ಡಿ’ ಎಂಬ ಉಚಿತ ತಂತ್ರಾಂಶಗಳಿವೆ. ‘ಫ್ಲ್ಯಾಕ್’ ಎಂಬ ರೂಪದಲ್ಲಿ ಉಳಿಸಿ. ಎಂಪಿ3ಯಂತೆ ಇದು ಏನನ್ನೂ ಕತ್ತರಿಸುವುದಿಲ್ಲ, ತಟ್ಟೆಯಲ್ಲಿ ಇದ್ದದ್ದು ಇದ್ದ ಹಾಗೆಯೇ ಉಳಿಯುತ್ತದೆ, ಜಾಗ ಮಾತ್ರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಂದು ಸಿಡಿಗೆ ಹೆಚ್ಚೆಂದರೆ 400 ಎಂಬಿ ಎಂದಿಟ್ಟುಕೊಂಡರೂ 200 ಸಿಡಿಗಳಿಗೆ 80 ಜಿಬಿ. ಒಂದು ಪೆನ್ ಡ್ರೈವಿನಲ್ಲಿ ಹಿಡಿಸುತ್ತದೆ. ಎರಡು ಪ್ರತಿ ಮಾಡಿ ಎರಡು ಕಡೆ ಇಡಿ. ದಿನಕ್ಕೆ ಎರಡು ತಟ್ಟೆಯಂತೆ ಮಾಡಿದರೂ ಮೂರೂವರೆ ತಿಂಗಳಲ್ಲಿ ಕೆಲಸ ಮುಗಿಯುತ್ತದೆ. ಇದು ನಿಮ್ಮ ಸ್ವಂತಕ್ಕೆ ಮಾತ್ರ, ಹಂಚುವುದಕ್ಕಲ್ಲ.

ಮೊದಲು ಬಾಡಬಹುದಾದ್ದು ಮನೆಯಲ್ಲೇ ಬರೆದ ತಟ್ಟೆಗಳು. ಅಜ್ಜಿ ಹಾಡಿದ ಸೋಬಾನೆ, ಅಪ್ಪನ ದನಿ, ಮಗಳ ಮೊದಲ ಕಛೇರಿ ಎಂದು ಕಂಪ್ಯೂಟರಿನಲ್ಲಿ ಬರೆಸಿದ ಸಿಡಿ ಇದ್ದರೆ ಅದರ ಮಾಹಿತಿ ಇರುವುದು ಬಣ್ಣದ ಪದರದಲ್ಲಿ. ಬಿಸಿಲಿಗೆ, ಶಾಖಕ್ಕೆ, ವರ್ಷ ಕಳೆದಂತೆ ಅದು ಮಾಸುತ್ತದೆ. ಅದರ ಎರಡನೆಯ ಪ್ರತಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹಾಗಾಗಿ ಇಳಿಸುವ ಕೆಲಸ ಅಲ್ಲಿಂದಲೇ ಶುರುವಾಗಲಿ.

ಒಟ್ಟಿನಲ್ಲಿ ಕ್ರಮ ಹೀಗಿರಲಿ. ಮೊದಲು ತಟ್ಟೆಗಳನ್ನು ಇಳಿಸಿಡಿ. ಆಮೇಲೆ ಜಮಖಾನೆ, ಪರದೆ, ಟೋನ್ ಗುಂಡಿ. ಕೈಯಲ್ಲಿ ದುಡ್ಡು ಉಳಿದರೆ ಸ್ಪೀಕರ್. ಕಡೆಗೆ, ಇರುವುದು ಸಾಲದು ಎಂದು ನಿಮ್ಮ ಕಿವಿಯೇ ಹೇಳಿದರೆ, ಪ್ಲೇಯರ್ ಅಥವಾ ಡ್ಯಾಕ್.

ನಿಮ್ಮ ಡಬ್ಬಿಯಲ್ಲಿ ಬೇರೆಲ್ಲೂ ಸಿಗದ ಕನ್ನಡ ಮುದ್ರಿಕೆ ಇದ್ದರೆ ನಮಗೊಂದು ಸಾಲು ಬರೆದು ತಿಳಿಸಿ. ಏನೇನು ಉಳಿದಿದೆ ಎಂಬುದಾದರೂ ಎಲ್ಲರಿಗೂ ಗೊತ್ತಾಗಲಿ. ಕೇಳುತ್ತಿರಿ.